ಅವ್ವನ ರಕ್ತದ ವರದಿ ಮತ್ತು 120 ದಿನಗಳ ಲೆಕ್ಕ

ಕಳೆದ ಶ್ರಾವಣದಲ್ಲಿ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಧಾರವಾಡಕ್ಕೆ ಬಂದ ಅವ್ವ, ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಳು. ಮರುದಿನ ಮಾಡಿಸಿದ ರಕ್ತಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್ 8.2 ಎಂದಿತ್ತು, ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಲೆಕ್ಕ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ರಕ್ತಕಣಗಳ ಹೆಸರು, ಕೆಲಸ, ಸಂಖ್ಯೆಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಪ್ರತಿಯೊಂದು ಬಗೆಯ ಕಣಕ್ಕೂ ಅದರದೇ ಆಯುಷ್ಯವಿದೆ, ಚಿಕಿತ್ಸೆ ಆ ಆಯುಷ್ಯದ ಲೆಕ್ಕದಲ್ಲಿಯೇ ನಡೆಯುತ್ತದೆ ಎಂಬುದು ಅವ್ವನ ಜೊತೆ ಕಳೆದ ತಿಂಗಳುಗಳಲ್ಲಿಯೇ ನನಗೆ ಮನದಟ್ಟಾಯಿತು.

ಕೆಂಪು ರಕ್ತಕಣ ಎರಡೂ ಬದಿಗೆ ನಡುವೆ ಒತ್ತಿದ ಬಿಲ್ಲೆಯಂತಿರುತ್ತದೆ. ಅಸ್ಥಿಮಜ್ಜೆಯಲ್ಲಿ ಬಲಿಯುವಾಗ ಅದು ತನ್ನ ಕೋಶಕೇಂದ್ರವನ್ನೇ ಹೊರಹಾಕಿ, ಒಳಗಿನ ಜಾಗವನ್ನೆಲ್ಲ ಹಿಮೋಗ್ಲೋಬಿನ್ನಿಗೆ ಬಿಟ್ಟುಕೊಡುತ್ತದೆ. ಆಮ್ಲಜನಕ ಬಳಸಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೂ ಇಲ್ಲದ್ದರಿಂದ, ತಾನು ಹೊತ್ತೊಯ್ಯುವ ಆಮ್ಲಜನಕದಲ್ಲಿ ಒಂದು ಕಣವನ್ನೂ ತನಗಾಗಿ ಬಳಸದೆ, ಆಮ್ಲಜನಕ ಬೇಡದ ಮಾರ್ಗದಲ್ಲಿ ಸಕ್ಕರೆಯನ್ನು ಒಡೆದುಕೊಂಡು ಬದುಕುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ಈ ಒಂದು ಸಂಗತಿಯನ್ನು ಹೇಳುವಾಗ ನನ್ನ ದನಿ ಬದಲಾಗುತ್ತದೆ. ಆದರೆ ಕೋಶಕೇಂದ್ರವಿಲ್ಲದ ಕಣಕ್ಕೆ ತನ್ನ ಸವೆತವನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲ. ತನಗಿಂತ ಕಿರಿದಾದ ಲೋಮನಾಳಗಳಲ್ಲಿ ಮಡಚಿಕೊಂಡು ನುಸುಳುತ್ತ ಸುಮಾರು 120 ದಿನ ತಿರುಗಿದ ಮೇಲೆ ಅದು ಪೆಡಸಾಗುತ್ತದೆ. ಆಗ ಗುಲ್ಮ, ಯಕೃತ್ತುಗಳಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗಿ, ಒಳಗಿನ ಕಬ್ಬಿಣವನ್ನು ಮತ್ತೆ ಮಜ್ಜೆಗೆ ಕಳಿಸುತ್ತವೆ. ಮಧುಮೇಹಿಗಳಿಗೆ ಮಾಡಿಸುವ 'ಮೂರು ತಿಂಗಳ ಸಕ್ಕರೆ' ಪರೀಕ್ಷೆ ನಿಂತಿರುವುದೂ ಈ ಆಯುಷ್ಯದ ಮೇಲೆಯೇ: ಕಣ ಬದುಕಿರುವಷ್ಟು ದಿನವೂ ಅದರ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಳ್ಳುತ್ತಲೇ ಇರುತ್ತದೆ.

ಹೊಸ ಕಣಗಳಿಗಾಗಿ ಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ನಾವು ಉಣ್ಣುವ ರೊಟ್ಟಿ, ಪಲ್ಲೆ, ಕಾಳುಗಳಿಂದ ಕರುಳು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಮಿಕ್ಕದ್ದೆಲ್ಲ ಸತ್ತ ಕಣಗಳಿಂದ ಮರಳಿ ಬಂದದ್ದು. ಆದ್ದರಿಂದ ರಕ್ತ ಮೈಯಿಂದ ಹೊರಗೆ ಹೋದರೆ ಈ ಕೊಡು-ಕೊಳ್ಳುವಿಕೆಯ ಗಂಟೇ ಕರಗುತ್ತದೆ, ಊಟವೊಂದರಿಂದಲೇ ಅದನ್ನು ಬೇಗ ತುಂಬಿಸಲು ಸಾಧ್ಯವಿಲ್ಲ. ಅವ್ವನ ಕೆಂಪು ಕಣಗಳ ಗಾತ್ರವನ್ನು ಹೇಳುವ ಎಂಸಿವಿ 80ಕ್ಕಿಂತ ಮೇಲಿರಬೇಕಾದದ್ದು 68 ಇತ್ತು. ಅದನ್ನು ಕಂಡ ವೈದ್ಯರು ಮೊದಲು ಕೇಳಿದ್ದು, ರಕ್ತ ಎಲ್ಲಿ ಹೋಗುತ್ತಿದೆ ಎಂದು. ಅವ್ವ ಬಹಳ ಹೊತ್ತು ಸುಮ್ಮನಿದ್ದು, ವರ್ಷಗಳಿಂದ ಮೂಲವ್ಯಾಧಿ ಇದೆಯೆಂದು, ನನ್ನನ್ನು ಹೊರಗೆ ಕಳಿಸಿದ ಮೇಲೆ ಹೇಳಿದಳು.

ಬಿಳಿ ಕಣಗಳ ಸಾಲಿನಲ್ಲಿ ಚಿಂತೆಗೆ ಕಾರಣವಿರಲಿಲ್ಲ: ಒಟ್ಟು 6,800, ಅಂದರೆ 4,000ದಿಂದ 11,000ದ ಮಿತಿಯೊಳಗೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳು. ಗಾಯಕ್ಕೆ ಮೊದಲು ಧಾವಿಸಿ ಬ್ಯಾಕ್ಟೀರಿಯಾಗಳನ್ನು ನುಂಗುವ ಇವು ರಕ್ತದಲ್ಲಿ ಇರುವುದು ಕೆಲವೇ ಗಂಟೆಗಳ ಕಾಲ, ನಾವು ಕೀವು ಎನ್ನುವುದು ಬಹುಪಾಲು ಇವುಗಳ ಹೆಣಗಳ ರಾಶಿ. ಲಿಂಫೋಸೈಟ್‌ಗಳಲ್ಲಿ ಕೆಲವು ಮಾತ್ರ ಒಮ್ಮೆ ಕಂಡ ರೋಗಾಣುವಿನ ನೆನಪನ್ನು ಹೊತ್ತು ದಶಕಗಟ್ಟಲೆ ಬಾಳುತ್ತವೆ, ಬಾಲ್ಯದ ಲಸಿಕೆ ಮುಪ್ಪಿನಲ್ಲಿಯೂ ಕಾಯುವುದು ಅವುಗಳಿಂದ. ಮಾನೋಸೈಟ್‌ಗಳು ಅಂಗಾಂಶಗಳಿಗೆ ಇಳಿದು ದೊಡ್ಡ ಭಕ್ಷಕ ಕೋಶಗಳಾಗುತ್ತವೆ. ಇಯೋಸಿನೋಫಿಲ್‌ಗಳು ಜಂತುಹುಳು ಮತ್ತು ಅಲರ್ಜಿಯಲ್ಲಿ ಏರುತ್ತವೆ. ಬೇಸೋಫಿಲ್‌ಗಳು ನೂರಕ್ಕೆ ಒಂದೂ ಇರುವುದಿಲ್ಲ.

ಪ್ಲೇಟ್‌ಲೆಟ್ 4.9 ಲಕ್ಷ ಎಂದಿತ್ತು, ಮಿತಿಗಿಂತ ತುಸು ಹೆಚ್ಚೇ. ಊರೆಲ್ಲ ಡೆಂಗಿ ಮಾತು ನಡೆದಿದ್ದ ಆ ದಿನಗಳಲ್ಲಿ ನೆರೆಮನೆಯವರು ಇದನ್ನು ಕೇಳಿ, ಪ್ಲೇಟ್‌ಲೆಟ್ ಇಷ್ಟಿದ್ದ ಮೇಲೆ ಹೆದರಿಕೆ ಏನೂ ಇಲ್ಲ ಎಂದು ಸಮಾಧಾನ ಹೇಳಿದರು. ನಿಜದಲ್ಲಿ ಕಬ್ಬಿಣದ ಕೊರತೆಯೇ ಪ್ಲೇಟ್‌ಲೆಟ್‌ಗಳನ್ನು ಹೀಗೆ ಏರಿಸುವುದುಂಟು. ಮಜ್ಜೆಯ ಮಹಾಕೋಶವೊಂದು ಚೂರುಚೂರಾಗಿ ಉದುರಿಸುವ ಸಾವಿರಾರು ತುಣುಕುಗಳೇ ಪ್ಲೇಟ್‌ಲೆಟ್‌ಗಳು. ರಕ್ತನಾಳ ಹರಿದಲ್ಲಿ ಒಂದಕ್ಕೊಂದು ಅಂಟಿ ಬಿರಡೆ ಹಾಕುವುದು ಅವುಗಳ ಕೆಲಸ, ಆಯುಷ್ಯ ಎಂಟು-ಹತ್ತು ದಿನ. ರಕ್ತನಿಧಿಯಲ್ಲಂತೂ ಕೆಂಪು ಕಣಗಳನ್ನು ಶೀತಕದಲ್ಲಿ ಐದಾರು ವಾರ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ಸದಾ ತೂಗುತ್ತಿರುವ ಯಂತ್ರದ ಮೇಲೆ ಸಾಮಾನ್ಯವಾಗಿ ಐದೇ ದಿನ. ಜೂನ್‌ನಲ್ಲಿ ಕೊಟ್ಟ ಪ್ಲೇಟ್‌ಲೆಟ್ ಆಗಸ್ಟಿನ ಡೆಂಗಿ ರೋಗಿಗೆ ದೊರೆಯಲಾರದು. ವರ್ಷಕ್ಕೊಂದು ದೊಡ್ಡ ಶಿಬಿರ ಮಾಡುವುದಕ್ಕಿಂತ ವಾರವಾರವೂ ನಾಲ್ಕು ಜನ ದಾನಿಗಳು ಹೋಗುವುದು ಹೆಚ್ಚು ಉಪಯುಕ್ತ ಎಂದು ನಾನು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕಾಗಿಯೇ.

ಒಂದು ತಿಂಗಳು ಕಬ್ಬಿಣದ ಗುಳಿಗೆ ನುಂಗಿದ ಮೇಲೆ ಹಿಮೋಗ್ಲೋಬಿನ್ 10.1 ಆಯಿತು. "ಎಂಟಿದ್ದದ್ದು ಹತ್ತಾಗೇತಿ, ಇನ್ನ ಗುಳಗಿ ಯಾಕಪಾ ತಮ್ಮಾ?" ಎಂದು ಅವ್ವ ಹಳ್ಳಿಗೆ ಹೊರಟಳು. ಕಣಗಳು ಹೆಚ್ಚಿದರೂ ಬರಿದಾದ ಕಬ್ಬಿಣದ ಸಂಗ್ರಹ ತುಂಬಲು ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಗುಳಿಗೆ ನಡೆಯಬೇಕೆಂದು ನಾನು ಆಗಲೇ ಕುಳಿತು ತಿಳಿಸಿ ಹೇಳಬೇಕಿತ್ತು, ಹೇಳಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಮತ್ತೆ 8.9ಕ್ಕೆ ಇಳಿದಿತ್ತು.

ಆಮೇಲೆ ಕರುಳಿನ ಎಂಡೋಸ್ಕೋಪಿ ಮಾಡಿಸಿ, ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಂಡು, ಮೂಲವ್ಯಾಧಿಗೆ ಚಿಕಿತ್ಸೆ ಕೊಡಿಸಿದೆವು. ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ, ನಿಂಬೆಹುಳಿ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ ಎಂದು ತಿಳಿದ ಮೇಲೆ ಅವ್ವ ಗುಳಿಗೆಯನ್ನು ನಿಂಬೆಯ ಪಾನಕದೊಡನೆ ನುಂಗಿ, ಚಹಾವನ್ನು ಒಂದು ತಾಸು ಮುಂದೆ ಹಾಕುತ್ತಾಳೆ. ಕಳೆದ ವಾರದ ವರದಿಯಲ್ಲಿ ಹಿಮೋಗ್ಲೋಬಿನ್ 12.1, ಎಂಸಿವಿ 83. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಮೂರು ತಿಂಗಳ ದಿನಗಳಿಗೆ ಆಕೆಯೇ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ, ನುಂಗಿದ ದಿನವನ್ನು ಅಳಿಸುತ್ತ ಬರುತ್ತಾಳೆ.