ಇವರೂ ಮಗ್ಗದವರೇ

14 ಡಿಸೆಂಬರ್ 2024, ಶನಿವಾರ

ಮೈಸೂರಿನ ಮದುವೆ ಮುಗಿಸಿ ದೊಡ್ಡಬಳ್ಳಾಪುರಕ್ಕೆ ಈಗಷ್ಟೇ ಬಂದೆವು. ಬಾಡಿಗೆ ಇನೋವಾ. ಮುಂದೆ ಅಪ್ಪ, ಹಿಂದೆ ಅಮ್ಮ, ಅತ್ತೆ, ನಾನು.

ಬೆಳಿಗ್ಗೆ ಹೋಗುವಾಗ ತಟ್ಟೆ ಇಡ್ಲಿಗೆ ಅಂತ ಹಳೇ ರಸ್ತೆಗೆ ಇಳಿದು ಬಿಡದಿಯಲ್ಲಿ ನಿಲ್ಲಿಸಿದಾಗ ಡ್ರೈವರ್, "ಈ ಗಾಡಿ ಹುಟ್ಟಿದ್ದು ಇದೇ ಊರಲ್ಲಿ ಸಾರ್" ಅಂದ. ಅಪ್ಪ, "ಟೊಯೊಟಾ ಜಪಾನಿನದಲ್ವಾ?" ಅಂದರು. "ಹೌದಪ್ಪ, ಅವರೂ ನಿಮ್ಮ ಹಾಗೆ ಮಗ್ಗದವರು" ಅಂದೆ.

ನಲವತ್ತು ವರ್ಷ ಪವರ್‌ಲೂಮ್ ನೋಡಿಕೊಂಡವರು ಇದನ್ನು ಸುಮ್ನೆ ನಂಬ್ತಾರಾ? ಹೇಳಲೇಬೇಕಾಯಿತು.

ಟೊಯೊಟಾದ ಮೂಲಪುರುಷ ಸಾಕಿಚಿ ಟೊಯೊಡಾ ಬಡಗಿಯ ಮಗ. ಹುಟ್ಟಿದ್ದು 1867ರಲ್ಲಿ. ಮರದ ಕೈಮಗ್ಗ ಸುಧಾರಿಸುವುದರಿಂದ ಶುರು ಮಾಡಿ, ಮಗ್ಗಗಳ ಹಿಂದೆಯೇ ಜೀವನ ಕಳೆದ. 1924ರಲ್ಲಿ ಬಂತು ಅವನ ಜಿ ಮಾದರಿ ಮಗ್ಗ. ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು.

"ಹಾಸಿನ ಎಳೆಯೋ, ಹೊಕ್ಕಿನದೋ?" ಅಪ್ಪನ ಮೊದಲ ಪ್ರಶ್ನೆ. ಹಾಸು ಅಂದರೆ ಉದ್ದದ ಎಳೆ, ಹೊಕ್ಕು ಅಂದರೆ ಲಾಳಿ ಹೊತ್ತು ಓಡಾಡುವ ಅಡ್ಡದ ಎಳೆ.

"ಎರಡೂ."

"ಲಾಳಿಯಲ್ಲಿ ನೂಲು ಮುಗಿದರೆ?"

"ಮಗ್ಗ ಓಡ್ತಿರುವಾಗಲೇ ಬೇರೆ ಲಾಳಿ ಬಂದು ಕೂರ್ತಿತ್ತು."

ಅಪ್ಪ ಇಡ್ಲಿ ಮುರಿಯುವುದನ್ನೇ ಬಿಟ್ಟರು. ನಮ್ಮ ಮಗ್ಗದಲ್ಲಿ ಹಾಸಿನ ಒಂದೆಳೆ ಕಡಿದದ್ದು ಕಣ್ಣಿಗೆ ಬೀಳದಿದ್ದರೆ ಸೀರೆಯ ಉದ್ದಕ್ಕೂ ಗೆರೆ ಬಿದ್ದು ಹೋಗುತ್ತಿತ್ತು. ಆ ಒಂದೆಳೆ ಕಾಯುವುದರಲ್ಲೇ ಅವರ ಕಣ್ಣು ಸವೆದದ್ದು. ಅಲ್ಲಿ ಒಬ್ಬಳೇ ಹುಡುಗಿ ಮೂವತ್ತು ಮಗ್ಗ ನೋಡಿಕೊಳ್ಳುತ್ತಿದ್ದಳು.

1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿಕೊಂಡಿತು. "ಕಡಿಮೆಗೆ ಕೊಟ್ಟುಬಿಟ್ಟ" ಅಂದರು ಅಪ್ಪ. ಸಾಕಿಚಿಯ ಮಗ ಕೀಚಿರೊಗೆ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಕಾರಿನ ವಿಭಾಗ ತೆರೆದ. 1937ಕ್ಕೆ ಬೇರೆ ಕಂಪನಿಯಾಯಿತು. ಮನೆತನದ ಹೆಸರಿನ 'ಡಾ' ಹೋಗಿ 'ಟಾ' ಆಯಿತು. ಅವರ ಲಿಪಿಯಲ್ಲಿ ಹಾಗೆ ಬರೆದರೆ ಎಂಟೇ ಗೆರೆ, ಎಂಟು ಅಲ್ಲಿ ಶುಭ. "ನಮಗೆ ಎಂಟು ಅಂದ್ರೆ ಶನಿ" ಅಂದರು ಅತ್ತೆ. ಇವತ್ತು ಶನಿವಾರ ಬೇರೆ!

ಶನಿ ಕಾಡದೇ ಇರಲಿಲ್ಲ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಮುಷ್ಕರ, ಕೆಲಸ ಕಡಿತ. ಕೀಚಿರೊ ರಾಜೀನಾಮೆ ಕೊಟ್ಟ. ಅದೇ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೇನೆಯಿಂದ ಲಾರಿಗಳಿಗೆ ಆರ್ಡರ್ ಬಂದು ಕಂಪನಿ ಬದುಕಿತು. ಅವನು ಮಾತ್ರ 1952ರಲ್ಲೇ ತೀರಿಕೊಂಡ. ಇದು ನೆನೆದಾಗಲೆಲ್ಲ ನನಗೆ ಸಂಕಟ.

ಹೊರದೇಶದ ಕಥೆ ನನಗಿಷ್ಟ, ಯಾಕಂದ್ರೆ ಮೊದಲ ಏಟಿಗೇ ಮುಗ್ಗರಿಸಿದರು. 1957ರಲ್ಲಿ ಕ್ರೌನ್ ಕಾರು ಅಮೆರಿಕಕ್ಕೆ ಹೋಯಿತು. ಜಪಾನಿನ ಹಳ್ಳಕೊಳ್ಳದ ರಸ್ತೆಗೆ ಅಂತ ಗಟ್ಟಿಮುಟ್ಟಾಗಿ ಮಾಡಿದ ಭಾರದ ಗಾಡಿ ಅದು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟು ನಡುಗುತ್ತಿತ್ತು. ಮರುವರ್ಷ ಮಾರಾಟವಾದದ್ದು ಮುನ್ನೂರಕ್ಕೂ ಕಡಿಮೆ. ಕಾರು ಕಳಿಸುವುದನ್ನೇ ನಿಲ್ಲಿಸಿ, 1965ರ ಹೊತ್ತಿಗೆ ಕೊರೋನಾ ಅನ್ನುವ ಹೊಸ ಕಾರಿನ ಜೊತೆ ವಾಪಸ್ ಹೋದರು. (ಈಗ ಆ ಹೆಸರಿಟ್ಟರೆ ಯಾರು ಕೊಳ್ತಾರೆ!) ಆಮೇಲೆ ಕೊರೊಲ್ಲಾ ಬಂದು ಜಗತ್ತೆಲ್ಲ ಸುತ್ತಿತು. 1988ರಲ್ಲಿ ಅಮೆರಿಕದ ಕೆಂಟಕಿಯಲ್ಲೇ ಕ್ಯಾಮ್ರಿ ಕಾರು ತಯಾರಾಗತೊಡಗಿತು. ಕಿರ್ಲೋಸ್ಕರ್ ಜೊತೆ ಸೇರಿ ಬಿಡದಿಗೆ ಬಂದದ್ದು 1997ರಲ್ಲಿ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ.

ಅಪ್ಪನಿಗೆ ಕೊನೆಯದೆಲ್ಲ ಬೇಕಿರಲಿಲ್ಲ. "ಆ ಎಳೆ ಕಡಿದರೆ ನಿಲ್ಲೋದು ಕಾರಿನಲ್ಲೂ ಇದೆಯಾ?" ಅಂದರು. ಕಾರಿನಲ್ಲಲ್ಲ, ಕಾರ್ಖಾನೆಯಲ್ಲಿದೆ ಅಂದೆ. ಏನಾದರೂ ತಪ್ಪು ಕಂಡರೆ ಕೆಲಸಗಾರ ಹಗ್ಗ ಎಳೀತಾನೆ, ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತೆ. ಅದಕ್ಕೆ ಅವರಿಟ್ಟ ಹೆಸರು ಜಿದೋಕಾ. ಅಪ್ಪ ಎರಡು ಸಲ ಹೇಳಿಕೊಂಡರು, "ಜಿದೋಕಾ, ಜಿದೋಕಾ."

ರಾತ್ರಿ ಮೈಸೂರಿನಿಂದ ಹೊರಟಾಗ ಗಾಡಿ ಕುಯ್ಯೋ ಅನ್ನತೊಡಗಿತು. ಡ್ರೈವರ್ ತಿರುಗಿ ನೋಡಿದ. ಅತ್ತೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ.

"ನಿಲ್ಸಪ್ಪ" ಅಂದರು ಅಪ್ಪ, "ಹಿಂದೆ ಎಲ್ಲೋ ಎಳೆ ಕಡಿದಿದೆ."