ವೇಡರ್‌ಗೊಂದು ದೀಪದ ಪೆಟ್ಟಿಗೆ

‘ಸ್ಟಾರ್ ವಾರ್ಸ್’ ಸಿನಿಮಾದ ಖಳನಾಯಕ ಡಾರ್ತ್ ವೇಡರ್‌ನ ಗೊಂಬೆ ನನ್ನಲ್ಲಿದೆ. ಅದರ ಕಪ್ಪು ಹೆಲ್ಮೆಟ್ ಮೇಲೆ ಧೂಳು ಕೂತರೆ ನನಗೆ ನಿದ್ದೆ ಬರುವುದಿಲ್ಲ. 1:6 ಅಳತೆ, ಅಂದರೆ ನಿಜ ಗಾತ್ರದ ಆರನೇ ಒಂದು ಭಾಗ, ಸುಮಾರು 35 ಸೆಂ.ಮೀ. ಎತ್ತರ. ಕೊನೆಗೆ ನಾನೇ ಪೆಟ್ಟಿಗೆ ಮಾಡಲು ಕೂತೆ.

3 ಮಿ.ಮೀ. ದಪ್ಪದ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಶೀಟನ್ನು ಅಂಗಡಿಯಲ್ಲೇ ಕತ್ತರಿಸಿಕೊಂಡು ಬಂದೆ. ಅಂಟಿಸಲು ಕ್ಲೋರೋಫಾರ್ಮ್, ಅದು ಅಕ್ರಿಲಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಸಿರಿಂಜ್‌ನಿಂದ ಅಂಚಿಗೆ ತಾಗಿಸಿದರೆ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ. ಕಿಟಕಿ ತೆರೆದಿಟ್ಟೇ ಮಾಡಿ. ಒಂದು ಹನಿ ಮುಂದಿನ ಹಲಗೆ ಮೇಲೆ ಬಿತ್ತು, ಒರೆಸಲು ಹೋದೆ, ಬಿಳಿ ಮಚ್ಚೆ ಉಳಿಯಿತು. ಆ ಹಲಗೆ ಈಗ ಹಿಂದಿದೆ!

ನಿಜವಾದ ತಲೆನೋವು ಬೆಳಕು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ಪನ್ನು ಸುಮ್ನೆ ಮೇಲ್ಗಡೆ ಅಂಟಿಸಿದೆ. ಹೆಲ್ಮೆಟ್ ತುಂಬಾ ಚುಕ್ಕಿ ಚುಕ್ಕಿ ಪ್ರತಿಬಿಂಬ, ಮುಖವಾಡವೆಲ್ಲ ಕತ್ತಲು. ಸ್ಟ್ರಿಪ್ ಕಿತ್ತು, ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿ, ಮುಂದಿನ ಮೇಲಂಚಿನಲ್ಲಿ ಒಳಕ್ಕೆ ಓರೆಯಾಗಿ ಹಚ್ಚಿದೆ. ಹಿಂದೆ ಕೆಳಗೆ ಇನ್ನೊಂದು ತುಂಡು. ಆಗ ನೋಡಿ, ಭುಜದ ಅಂಚು ಬೆಳ್ಳಗೆ ಮೂಡಿತು.

ಸ್ಟ್ರಿಪ್ ಒಟ್ಟು ಒಂದು ಮೀಟರ್, 14.4 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 1.2 ಆಂಪಿಯರ್. 2 ಆಂಪಿಯರ್ ಅಡಾಪ್ಟರ್ ಆರಾಮಾಗಿ ಸಾಕು. ಅದನ್ನು ಹೊರಗೇ ಇಟ್ಟೆ, ಮೇಲೆ ನಾಲ್ಕು ತೂತು ಕೊರೆದೆ. ಬಿಸಿ ಜಾಸ್ತಿಯಾದರೆ ಗೊಂಬೆಗೆ ತೊಡಿಸಿರುವ ಲೆದರ್‌ನಂಥ ಬಟ್ಟೆ ಸಿಪ್ಪೆ ಏಳುತ್ತದೆ.

ರಾತ್ರಿ ಸ್ವಿಚ್ ಹಾಕಿದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ದೇವರ ಮನೆಗಿಂತ ಇಲ್ಲೇ ಬೆಳಕು ಜಾಸ್ತಿ ಅಲ್ವೇನೋ?" ಈ ಭಾನುವಾರ ದೇವರ ಮನೆಗೂ ಒಂದು ಪಟ್ಟಿ ಹಾಕಬೇಕಂತೆ.