ತೋಳು ಬೇಕು, ಪಂದ್ಯ ಬೇಡ

ಭಾವನಿಗೆ ಬೇಸ್‌ಬಾಲ್ ತೋರಿಸಲು ನಾನು ಆರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಹೆಸರಾಂತ ಕ್ರೀಡಾಂಗಣವನ್ನಲ್ಲ, ನಮ್ಮ ಸ್ಯಾನ್ ಹೊಸೆಯ ಹಳೆಯ ಮೈದಾನವನ್ನು. 1942ರಲ್ಲಿ ಕಟ್ಟಿದ್ದು, ನಾಲ್ಕು ಸಾವಿರ ಚಿಲ್ಲರೆ ಜನ ಹಿಡಿಸುತ್ತದೆ. ಟಿಕೆಟ್ ಅಗ್ಗ, ಕಾರು ನಿಲ್ಲಿಸಲು ಜಾಗ ಸಿಗುತ್ತದೆ, ಆಟಗಾರರ ಬೈಗುಳವೂ ಕೇಳಿಸುವಷ್ಟು ಹತ್ತಿರ ಕೂರಬಹುದು. 2025ರ ಜುಲೈ, ವಾರದ ನಡುವಿನ ಒಂದು ಸಂಜೆ.

ಭಾವ ಮೈಸೂರಿನವರು. ಎಂಬತ್ತರ ದಶಕದಲ್ಲಿ ಅಲ್ಲಿನ ಲೀಗ್ ಪಂದ್ಯಗಳಲ್ಲಿ ವೇಗದ ಬೌಲರ್ ಆಗಿದ್ದರು. ಭುಜ ಕೈಕೊಟ್ಟ ಮೇಲೆ ಬ್ಯಾಂಕು ಸೇರಿದರು. ಹೀಗಾಗಿ ಮೊದಲ ಆರು ಇನಿಂಗ್ಸ್ ಅವರು ನೋಡಿದ್ದು ಚೆಂಡು ಎಸೆಯುವ ಪಿಚರ್‌ಗಳ ತೋಳನ್ನು ಮಾತ್ರ. ರನ್ ಎಷ್ಟಾಯಿತೆಂದು ಒಮ್ಮೆಯೂ ಕೇಳಲಿಲ್ಲ. "ತೋಳು ಮಡಿಸಿ ಎಸೆಯುವುದಕ್ಕೆ ಅಡ್ಡಿಯಿಲ್ಲ ಎಂದ ಮೇಲೆ ವೇಗಕ್ಕೇನು ಕೊರತೆ?" ಎಂದು ಗೊಣಗಿದ್ದೊಂದೇ.

ಏಳನೆಯ ಇನಿಂಗ್ಸ್‌ಗೆ ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್ನಿನಿಂದ ಉದ್ದ ಕಾಲಿನ ಒಬ್ಬ ಹುಡುಗ ಬಂದ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿರಬೇಕು. ನಮ್ಮ ಮುಂದಿನ ಸಾಲಿನಲ್ಲಿ ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಹಿಡಿದ ಮೂವರು ಸ್ಕೌಟ್‌ಗಳು, ಆಟಗಾರರನ್ನು ಅಳೆದು ನೋಡಲು ಬಂದವರು, ಅಲ್ಲಿಯವರೆಗೆ ಸೂರ್ಯಕಾಂತಿ ಬೀಜ ಜಗಿಯುತ್ತ ಹರಟುತ್ತಿದ್ದರು. ಅವನು ಮಣ್ಣಿನ ದಿಬ್ಬ ಹತ್ತಿದ ಕೂಡಲೇ ಮೂವರೂ ನೆಟ್ಟಗೆ ಕೂತರು. ಮೊದಲ ಎಸೆತ ಬ್ಯಾಟರ್‌ನ ತಲೆಗಿಂತ ಎರಡಡಿ ಮೇಲೆ, ಕ್ಯಾಚರ್‌ನನ್ನೂ ದಾಟಿ ಹಿಂದಿನ ಗೋಡೆಗೆ ಬಡಿಯಿತು. ಎದುರಿನ ಗನ್ ಮೇಲೆ ಕಂಡ ಅಂಕಿ 100.

ನೂರು ಮೈಲಿ ಎಂದರೆ ಗಂಟೆಗೆ 161 ಕಿಲೋಮೀಟರ್. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಒಂದೇ ಒಂದು ಚೆಂಡಿಗೆ ಮುಟ್ಟಿದ ವೇಗ. ಇಲ್ಲಿ ಇನ್ನೂ ಯಾರಿಗೂ ಹೆಸರು ಗೊತ್ತಿಲ್ಲದ ಹುಡುಗ ಮತ್ತೆ ಮತ್ತೆ ಅದರ ಆಸುಪಾಸಿನಲ್ಲೇ ಎಸೆಯುತ್ತಿದ್ದ. ಪಿಚರ್‌ಗೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೂ ನಡುವೆ 18.44 ಮೀಟರ್, ಕ್ರಿಕೆಟ್ ಪಿಚ್‌ಗಿಂತ ಕಡಿಮೆ. ಚೆಂಡು ನೆಲಕ್ಕೆ ಬಿದ್ದು ವೇಗ ಕಳೆದುಕೊಳ್ಳುವುದೂ ಇಲ್ಲ. ಬ್ಯಾಟರ್‌ಗೆ ಸಿಗುವುದು ಸುಮಾರು 0.4 ಸೆಕೆಂಡು. ಭಾವ ಎರಡೂ ಕೈಯಿಂದ ಮುಂದಿನ ಕುರ್ಚಿ ಹಿಡಿದುಕೊಂಡಿದ್ದರು.

ಆದರೆ ಹುಡುಗನಿಗೆ ಚೆಂಡು ಎಲ್ಲಿ ಹೋಗುತ್ತದೆಂಬುದೇ ಗೊತ್ತಿರಲಿಲ್ಲ. ಒಬ್ಬನಿಗೆ ವಾಕ್ (ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್), ಇನ್ನೊಬ್ಬನಿಗೆ ವಾಕ್, ಮೂರನೆಯವನ ಪಕ್ಕೆಗೆ ಪೆಟ್ಟು, ಅವನಿಗೂ ಬೇಸ್. ಮೂರೂ ಬೇಸ್ ತುಂಬಿದವು. ಮುಂದಿನವನಿಗೂ ವಾಕ್ ಕೊಟ್ಟಾಗ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಒಂದು ರನ್ ಬಂತು. ನಮ್ಮ ತಂಡದ ಮುನ್ನಡೆ ಹೋಯಿತು.

"ಇವನನ್ನು ಯಾಕೆ ತೆಗೆಯುತ್ತಿಲ್ಲ? ಪಂದ್ಯ ಕೈತಪ್ಪುತ್ತಿದೆ!" ಭಾವ ಸಿಡಿದರು.

"ಭಾವ, ಇಲ್ಲಿ ಪಂದ್ಯ ಯಾರಿಗೂ ಬೇಕಿಲ್ಲ. ಅವರಿಗೆ ಬೇಕಾಗಿರುವುದು ಆ ತೋಳು."

ಅವರು ನಂಬಲಿಲ್ಲ. ವಿವರಿಸಬೇಕಾಯಿತು. ಸ್ಯಾನ್ ಹೊಸೆಯದು ಕೆಳಗಿನ ಮಟ್ಟದ ತಂಡ; ಅದರ ಆಟಗಾರರೆಲ್ಲ ಮೇಜರ್ ಲೀಗ್‌ನಲ್ಲಿ, ಅಂದರೆ ದೇಶದ ಅತಿ ಮೇಲಿನ ಮಟ್ಟದಲ್ಲಿ, ಆಡುವ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಸೊತ್ತು. ಮೆಟ್ಟಿಲು ಮೆಟ್ಟಿಲಾಗಿ ಏರಬೇಕು: ಇಲ್ಲಿಂದ ಒರೆಗಾನಿನ ಯೂಜೀನ್, ಅಲ್ಲಿಂದ ವರ್ಜೀನಿಯಾದ ರಿಚ್‌ಮಂಡ್, ಆಮೇಲೆ ಸ್ಯಾಕ್ರಮೆಂಟೊ, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ನಮ್ಮ ಮೈದಾನದಿಂದ ಅಲ್ಲಿಗೆ ಕಾರಿನಲ್ಲಿ ಒಂದು ಗಂಟೆ; ಆಟಗಾರನಿಗೆ ದೇಶದ ಆ ತುದಿ ಮುಟ್ಟಿ ಬರಬೇಕು. ಆರು ಇನಿಂಗ್ಸ್ ಎಸೆಯುವ ಪಿಚರ್‌ಗೆ ಮೂರು ನಾಲ್ಕು ಬಗೆಯ ಎಸೆತ ಬೇಕು. ಎರಡೇ ಬಗೆ ಗೊತ್ತಿದ್ದು, ಅವೆರಡೂ ಭಯಂಕರವಾಗಿದ್ದರೆ ಅವನನ್ನು ರಿಲೀವರ್ ಮಾಡುತ್ತಾರೆ: ಒಂದು ಇನಿಂಗ್ಸ್, ಇದ್ದ ಶಕ್ತಿಯೆಲ್ಲ ಅದಕ್ಕೇ. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲಿನ ಸರಾಸರಿ ವೇಗವೇ ಈಗ 94 ಮೈಲಿ ದಾಟಿರುವಾಗ ಬರೀ ವೇಗಕ್ಕೆ ಬೆಲೆ ಇಳಿದಿದೆ. ಸ್ಕೌಟ್‌ಗಳು ಕಾಯುತ್ತಿದ್ದುದು ಅವನಿಂದ ಒಂದಾದ ಮೇಲೊಂದು ಸ್ಟ್ರೈಕ್, ಅಂದರೆ ಗುರಿಯೊಳಗೆ ಬೀಳುವ ಅಥವಾ ಬ್ಯಾಟರ್ ಬೀಸಿಯೂ ಮುಟ್ಟಲಾಗದ ಎಸೆತ, ಬರುತ್ತದೆಯೇ ಎಂದು.

ಆಮೇಲೆ ಬಂದವನು ಆ ಸಂಜೆಯ 'ಬಿಯರ್ ಬ್ಯಾಟರ್'. ಎದುರಾಳಿ ತಂಡದಲ್ಲಿ ಒಬ್ಬನನ್ನು ಮೊದಲೇ ಗುರುತಿಸಿಟ್ಟು, ಅವನು ಮೂರು ಸ್ಟ್ರೈಕ್‌ಗೆ ಔಟ್ ಆದರೆ ಬಿಯರ್ ಅರ್ಧ ಬೆಲೆಗೆ ಕೊಡುವುದು ಇಲ್ಲಿಯ ಪದ್ಧತಿ. ಹುಡುಗ ಎರಡು ಫಾಸ್ಟ್‌ಬಾಲ್‌ನಲ್ಲಿ ಅವನನ್ನು ಹೆದರಿಸಿ, ಮೂರನೆಯದಕ್ಕೆ ಪಕ್ಕಕ್ಕೆ ತಿರುಗುವ ಸ್ಲೈಡರ್ ಬಿಟ್ಟ. ಬ್ಯಾಟು ಗಾಳಿಯಲ್ಲಿ ಬೀಸಿತು. ಅರ್ಧ ಮೈದಾನ ಎದ್ದು ಬಿಯರ್ ಅಂಗಡಿಯತ್ತ ಓಡಿತು, ಇನಿಂಗ್ಸ್ ಮುಗಿಯಲು ಬೇಕಾದ ಉಳಿದಿಬ್ಬರನ್ನೂ ಅದೇ ಸ್ಲೈಡರ್‌ನಲ್ಲಿ ಅವನು ಕೆಡವಿದ್ದನ್ನು ನೋಡಿದವರು ನಾವು, ಸ್ಕೌಟ್‌ಗಳು, ಮತ್ತು ನಮ್ಮ ಪಕ್ಕದ ಹಿರಿಯರು.

ಆ ಹಿರಿಯರು ಇಡೀ ಋತುವಿನ ಟಿಕೆಟ್ ಕೊಂಡು ಅದೇ ಕುರ್ಚಿಯಲ್ಲಿ ಕೂರುವವರು. ಭಾವನ ಉತ್ಸಾಹ ನೋಡಿ ಮಾತಿಗಿಳಿದರು. ಡೊಮಿನಿಕನ್ ಗಣರಾಜ್ಯದ ಕಮೀಲೊ ಡೊವಾಲ್ 2019ರಲ್ಲಿ ಇದೇ ದಿಬ್ಬದ ಮೇಲೆ ಹೀಗೆಯೇ ವಾಕ್ ಮೇಲೆ ವಾಕ್ ಕೊಡುತ್ತಿದ್ದನಂತೆ. ಮುಂದೆ 104 ಮೈಲಿ ಎಸೆದ. 2023ರಲ್ಲಿ ಕೊನೆಯಲ್ಲಿ ಬಂದು ಮುನ್ನಡೆ ಕಾಯ್ದು 39 ಪಂದ್ಯ ಉಳಿಸಿಕೊಟ್ಟು, ಮೇಜರ್ ಲೀಗ್‌ನ ಒಂದು ಭಾಗವಾದ ನ್ಯಾಷನಲ್ ಲೀಗ್‌ನಲ್ಲಿ ಅದರ ಮೊದಲ ಸ್ಥಾನ ಹಂಚಿಕೊಂಡ. ಮರು ವರ್ಷ ಮತ್ತೆ ಚೆಂಡು ಹಿಡಿತ ತಪ್ಪಿತು, ಆಗಸ್ಟ್‌ನಲ್ಲಿ ಸ್ಯಾಕ್ರಮೆಂಟೊಗೆ ಇಳಿಸಿದರು. 2021ರಲ್ಲಿ ಇಲ್ಲಿ ಎಸೆದ ರ‍್ಯಾಂಡಿ ರೊಡ್ರಿಗೆಸ್ ಈಗ ತಾನೇ ಆ ಋತುವಿನ ಆಯ್ದ ಆಟಗಾರರ ಆಲ್‌ಸ್ಟಾರ್ ತಂಡ ಸೇರಿದ್ದ. ಒಂಬತ್ತು ಇನಿಂಗ್ಸ್‌ಗೆ ಅವನು ಬಿಟ್ಟ ರನ್ನಿನ ಸರಾಸರಿ ಒಂದಕ್ಕಿಂತ ಕಡಿಮೆ. ಹಿರಿಯರು ಇಬ್ಬರನ್ನೂ ತಾವೇ ಸಾಕಿದಂತೆ ಮಾತಾಡುತ್ತಿದ್ದರು. ನನಗೆ ಆ ಜಂಬ ಹಿಡಿಸಿತು.

ಮನೆಗೆ ಬರುವಾಗ ಭಾವ ಸಂಬಳ ಕೇಳಿದರು. 2023ರ ಒಪ್ಪಂದ ಈ ಮಟ್ಟಕ್ಕೆ ವರ್ಷಕ್ಕೆ ಕನಿಷ್ಠ 26,200 ಡಾಲರ್ ನಿಗದಿ ಮಾಡಿತ್ತು. ವಸತಿಯನ್ನು ತಂಡವೇ ಕೊಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ತಲುಪಿದವರಿಗೆ 2025ರಲ್ಲಿ ಕನಿಷ್ಠ 7,60,000 ಇತ್ತು. ಅವರು ಬ್ಯಾಂಕಿನವರು, ಬಡ್ಡಿ ಹಾಕುವವರಂತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವನು ತೋಳು ಮುರಿಯುವವರೆಗೂ ಎಸೆಯುತ್ತಾನೆ" ಎಂದರು.

ಜುಲೈ ಮುಗಿಯುವ ದಿನವೇ ಡೊವಾಲ್‌ನನ್ನು ಜೈಂಟ್ಸ್ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟುಬಿಟ್ಟಿತು. ಕೊನೆಯ ಇನಿಂಗ್ಸ್‌ನ ಹೊಣೆ ರೊಡ್ರಿಗೆಸ್ ಮೇಲೆ ಬಿತ್ತು. ಆಗಸ್ಟ್ ಅಂತ್ಯಕ್ಕೆ ಅವನ ಮೊಣಕೈ ನೋಯತೊಡಗಿತು, ಸೆಪ್ಟೆಂಬರ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಮೊಣಕೈಯ ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ತಂದು ಕಟ್ಟುವುದು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲು ಮಾಡಿದ್ದು. ಮತ್ತೆ ಎಸೆಯಲು ವರ್ಷದ ಮೇಲಾಗುತ್ತದೆ.

ಇದನ್ನು ಫೋನಿನಲ್ಲಿ ಹೇಳಿದಾಗ ಭಾವ ತಾವು ಅಂದದ್ದೇ ಆಯಿತೆಂದು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಜಗಳಕ್ಕೆ ಬಂದರು. "ಶ್ರೀನಾಥ್‌ಗೆ 1997ರಲ್ಲಿ ಭುಜ ಕೊಯ್ದರು. ಮುಗಿಯಿತು ಅಂದವರೇ ಎಲ್ಲ. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ 13 ವಿಕೆಟ್ ತೆಗೆಯಲಿಲ್ಲವೇ? ನನ್ನ ಕಾಲದಲ್ಲಿ ಮೈಸೂರಿನಲ್ಲಿ ಅಂಥ ಡಾಕ್ಟರ್ ಇದ್ದಿದ್ದರೆ..." ಎಂದು ಶುರುಮಾಡಿದರು. ಅಕ್ಕ ಫೋನು ಕಿತ್ತುಕೊಂಡು, ಅವರ ಆಗಿನ ವೇಗ ಅವರೇ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ ಎಂದಳು.